ಮಾಲ್ಟ್ ಏಲನ್ನು ಗುರುತಿಸಿ ಕುಡಿಯುವ ಬಗೆ: ರೊಟ್ಟಿಯ ನಾಡಿನವರಿಗೊಂದು ಕೈಪಿಡಿ

ಕಲಬುರಗಿಯಿಂದ ಹೈದರಾಬಾದಿಗೆ ರಸ್ತೆಯಲ್ಲಿ ಸುಮಾರು 220 ಕಿಲೋಮೀಟರ್. ಬೀದರಿನವರಿಗೆ ಇನ್ನೂ ಹತ್ತಿರ. ಮದುವೆಯ ಜವಳಿಗೋ ಆಸ್ಪತ್ರೆಯ ತಪಾಸಣೆಗೋ ಅಲ್ಲಿಗೆ ಹೋದ ನಮ್ಮ ಕಡೆಯವರು, ಸಂಜೆ ಬಿಡುವಾದಾಗ, ಬಿಯರನ್ನು ಅಲ್ಲಿಯೇ ತಯಾರಿಸಿ ಅಲ್ಲಿಯೇ ಮಾರುವ ಮೈಕ್ರೋಬ್ರುವರಿಗೆ ಕಾಲಿಡುವುದು ಈಗ ಅಪರೂಪದ ಸಂಗತಿಯಲ್ಲ. ಒಳಗೆ ಹೋಗಿ ಕುಳಿತರೆ ಎದುರಿನ ಹಲಗೆಯ ಮೇಲೆ ಆರೇಳು ಹೆಸರುಗಳು ಕಾಣುತ್ತವೆ: ಗೋಧಿ ಬಿಯರ್, ಲಾಗರ್, ಸೇಬಿನ ಸೈಡರ್, ಹಾಪ್ಸ್ ಎಂಬ ಹೂವಿನ ಕಹಿ ಮತ್ತು ಪರಿಮಳ ಮುಂದಿರುವ ಐಪಿಎ ಒಂದೆರಡು ಬಗೆ, ಮಾವಿನ ಕಾಲವಾದರೆ ಮಾವಿನ ಬಿಯರ್, ಮೂಲೆಯಲ್ಲೊಂದು ಕಪ್ಪನೆಯ ಸ್ಟೌಟ್. ಏಲ್ ಎಂದರೆ ಲಾಗರ್‌ಗಿಂತ ಬೆಚ್ಚಗಿನ ಹದದಲ್ಲಿ ಹುದುಗಿಸಿದ ಬಿಯರ್; ಬ್ರೌನ್ ಏಲ್, ಆಂಬರ್ ಏಲ್, ಸ್ಕಾಚ್ ಏಲ್ ಎಂಬ ಹೆಸರುಗಳು ಅಲ್ಲಿ ಇರುವುದು ವಿರಳ. ಇದ್ದರೂ ಆ ಟ್ಯಾಪಿನ ಕಡೆಗೆ ಕೈ ತೋರಿಸುವವರು ಕಡಿಮೆ. ಧಾನ್ಯದ ರುಚಿಯೇ ಮುಂದೆ ನಿಲ್ಲುವ ಈ ಏಲ್‌ಗಳು ಒಂದು ಕಾಲದಲ್ಲಿ ಕ್ರಾಫ್ಟ್ ಬಿಯರಿನ, ಅಂದರೆ ಸಣ್ಣ ತಯಾರಕರ ಬಿಯರಿನ, ಬೆನ್ನೆಲುಬಾಗಿದ್ದವು. ಮೊದಲ ಗುಟುಕಿನಲ್ಲಿಯೇ ಕುಡಿಯುವವನನ್ನು ಬೆರಗುಗೊಳಿಸುವ ಶಕ್ತಿ ಅವುಗಳಿಗೆ ಇಲ್ಲದ್ದರಿಂದ ಹಿಂದೆ ಸರಿದವು ಎಂಬುದು ನನ್ನ ಅಭಿಪ್ರಾಯ. ಜೋಳದ ರೊಟ್ಟಿ ತಿಂದು ಬೆಳೆದ ನಾಲಿಗೆ ಮಾತ್ರ ಅವುಗಳನ್ನು ಬೇಗ ಗುರುತಿಸುತ್ತದೆ. ಹೇಗೆ ಗುರುತಿಸಬೇಕು, ಹೇಗೆ ಕೇಳಿ ಪಡೆಯಬೇಕು, ಯಾವುದರ ಜೊತೆಗೆ ಕುಡಿಯಬೇಕು ಎಂಬುದನ್ನು ಕಾನೂನಿನ ವಯಸ್ಸು ತುಂಬಿದ, ಹಿತಮಿತವಾಗಿ ಕುಡಿಯುವ ಓದುಗರಿಗಾಗಿ ಇಲ್ಲಿ ಬರೆದಿದ್ದೇನೆ.

ಮೊದಲು ಮನೆಯಲ್ಲಿಯೇ ಮೂಗನ್ನು ಪಳಗಿಸಿಕೊಳ್ಳಿ

ಮಾಲ್ಟ್ ಎಂದರೆ ಬೇರೇನೂ ಅಲ್ಲ, ನೆನೆಸಿ, ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದ ಧಾನ್ಯ. ಬಿಯರಿನ ಮಟ್ಟಿಗೆ ಹೆಚ್ಚಾಗಿ ಬಾರ್ಲಿ, ಅಂದರೆ ಜವೆಗೋಧಿ. ಮೊಳಕೆಯೊಡೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಮುಂದೆ ಬಿಸಿನೀರಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ, ಆ ಸಕ್ಕರೆಯನ್ನು ತಿಂದು ಯೀಸ್ಟ್ ಮದ್ಯಸಾರವನ್ನು ಕೊಡುತ್ತದೆ. ಮಾಲ್ಟಿನ ರುಚಿ ನಮಗೆ ಹೊಸದೇನೂ ಅಲ್ಲ. ಬಾಲ್ಯದಲ್ಲಿ ಜ್ವರ ಬಂದಾಗ ಕುಡಿದ ಹಾರ್ಲಿಕ್ಸಿನ ಡಬ್ಬಿಯ ಮುಚ್ಚಳ ತೆಗೆದಾಗ ಬರುತ್ತಿದ್ದ ವಾಸನೆಯೇ ಅದು; 19ನೇ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಹಾರ್ಲಿಕ್ ಸಹೋದರರು ಶುರು ಮಾಡಿದ ಆ ಪುಡಿ ಮಾಲ್ಟ್ ಮಾಡಿದ ಬಾರ್ಲಿ, ಗೋಧಿ ಮತ್ತು ಹಾಲಿನದು. ಆ ವಾಸನೆಯಿಂದ ಸಿಹಿಯನ್ನೂ ಹಾಲನ್ನೂ ಮನಸ್ಸಿನಲ್ಲಿಯೇ ಕಳೆದುಬಿಟ್ಟರೆ ಉಳಿಯುವುದು ಮಾಲ್ಟ್.

ಇಷ್ಟು ತಿಳಿದ ಮೇಲೆ ಅಡುಗೆಮನೆಗೆ ನಡೆಯಿರಿ. ಕಿರಾಣಿ ಅಂಗಡಿಯಿಂದ ಕಾಲು ಕಿಲೋ ಬಾರ್ಲಿ ತಂದು ಮೂರು ಪಾಲು ಮಾಡಿ, ರೊಟ್ಟಿ ಬೇಯಿಸುವ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬೇರೆ ಬೇರೆಯಾಗಿ ಹುರಿಯಿರಿ. ಮೊದಲ ಪಾಲನ್ನು ಬಣ್ಣ ಅಷ್ಟಿಷ್ಟು ತಿರುಗಿ, ಬಿಸಿ ಹಿಟ್ಟಿನ ಘಮ ಬಂದ ಕೂಡಲೇ ಇಳಿಸಿ. ಎರಡನೆಯದನ್ನು ಹುರಿದ ಶೇಂಗಾದ ಬಣ್ಣಕ್ಕೆ ಬರುವವರೆಗೆ ಕೈಯಾಡಿಸುತ್ತಿರಿ. ಮೂರನೆಯದನ್ನು ಕಾಫಿ ಬೀಜದ ಬಣ್ಣಕ್ಕೆ ತನ್ನಿ, ಆದರೆ ಹೊಗೆ ಏಳಲು ಬಿಡಬೇಡಿ. ಆರಿದ ಮೇಲೆ ಒಂದೊಂದನ್ನೂ ಕುಟ್ಟಿ, ಬಟ್ಟಲಲ್ಲಿ ಹಾಕಿ, ಮೇಲೊಂದಿಷ್ಟು ಬಿಸಿನೀರು ಹೊಯ್ದು ಮುಚ್ಚಿ, ಐದು ನಿಮಿಷದ ನಂತರ ಮುಚ್ಚಳ ತೆಗೆದು ಮೂಸಿ. ಇಡಿಯ ಕಾಳನ್ನೇ ಅಗಿಯಲು ಹೋಗಬೇಡಿ, ಹಲ್ಲಿಗೆ ಕಷ್ಟ. ಮೊದಲ ಬಟ್ಟಲಲ್ಲಿ ಆಗತಾನೇ ಹಂಚಿನಿಂದ ಇಳಿದ ಬಿಳಿಜೋಳದ ರೊಟ್ಟಿಯ ವಾಸನೆ, ಎರಡನೆಯದರಲ್ಲಿ ಖಡಕ್ ರೊಟ್ಟಿಯ ಅಂಚು ಮತ್ತು ಶೇಂಗಾ, ಮೂರನೆಯದರಲ್ಲಿ ಕಾಫಿಯ ಕಹಿ ನಿಮಗೆ ಸಿಗಬೇಕು. ನೀವು ಹುರಿದದ್ದು ಮೊಳಕೆ ಬಾರದ ಬಾರ್ಲಿ, ಆದ್ದರಿಂದ ಇದು ಮಾಲ್ಟ್ ಅಲ್ಲ. ಆದರೂ ಹುರಿಯುವಿಕೆಯ ಹದಗಳನ್ನು ಕಲಿಯಲು ಸಾಕು, ಐರ್ಲೆಂಡಿನ ಸ್ಟೌಟ್‌ಗೆ ಆ ಒಣ ಕಹಿಯನ್ನು ತರುವುದು ಇಂಥ ಮೊಳಕೆ ಬರಿಸದೆ ಹುರಿದ ಬಾರ್ಲಿಯೇ.

ರೊಟ್ಟಿಯ ಮೇಲೆ ಕಂದು ಚುಕ್ಕೆಗಳು ಏಳುವುದಕ್ಕೂ ಮಾಲ್ಟ್ ಕಂದಾಗುವುದಕ್ಕೂ ಕಾರಣ ಒಂದೇ. ಕಾಳಿನ ಪ್ರೋಟೀನಿನ ಅಮೈನೋ ಆಮ್ಲಗಳು ಸಕ್ಕರೆಯೊಡನೆ ಬಿಸಿಯಲ್ಲಿ ಕೂಡಿ ನೂರಾರು ಹೊಸ ಪರಿಮಳಗಳನ್ನು ಹುಟ್ಟಿಸುತ್ತವೆ. ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆಗೆ ಅವನ ಹೆಸರೇ ಉಳಿದಿದೆ. ನಮ್ಮ ತಾಯಂದಿರು ಆ ಹೆಸರನ್ನು ಕೇಳದೆಯೇ ದಿನಕ್ಕೆ ಇಪ್ಪತ್ತು ಸಲ ಅದನ್ನು ಹದ ತಪ್ಪದೆ ನಡೆಸುತ್ತಾರೆ.

ನಾಲ್ಕನೆಯ ಬಟ್ಟಲೊಂದು ಬಾಕಿ ಇದೆ. ಒಂದು ಚೂರು ಬೆಲ್ಲವನ್ನು ಚಮಚ ನೀರಿನಲ್ಲಿ ಕರಗಿಸಿ, ಹೋಳಿಗೆಯ ಪಾಕಕ್ಕಿಂತ ತುಸು ಮುಂದಕ್ಕೆ, ಕೆಂಪು ತಿರುಗುವವರೆಗೆ ಕುದಿಸಿ ಇಳಿಸಿ. ಕ್ರಿಸ್ಟಲ್ ಮಾಲ್ಟ್ ಎಂಬ ಬಗೆಯನ್ನು ಅರಿಯಲು ಇದು ಬೇಕು. ಆ ಮಾಲ್ಟನ್ನು ಒಣಗಿಸುವ ಮೊದಲೇ, ಹಸಿಯಿರುವಾಗಲೇ ಬಿಸಿಮಾಡುತ್ತಾರೆ. ಆಗ ಸಿಪ್ಪೆಯೊಳಗೇ ಪಿಷ್ಟ ಸಕ್ಕರೆಯಾಗಿ, ಮುಂದೆ ಹುರಿದಾಗ ಗಾಜಿನ ಹರಳಿನಂತೆ ಗಟ್ಟಿಯಾಗುತ್ತದೆ. ಆಂಬರ್ ಏಲ್, ಐರಿಷ್ ರೆಡ್ ಏಲ್ ಮತ್ತು ಬಿಟರ್ ಎಂಬ ಇಂಗ್ಲೆಂಡಿನ ಏಲ್‌ಗಳ ಬೆಲ್ಲದಂಥ ದುಂಡು ಸಿಹಿ ಬರುವುದು ಬಹುಪಾಲು ಇದರಿಂದಲೇ. ಕ್ರಿಸ್ಟಲ್ ಮಾಲ್ಟನ್ನು ನೆನಪಿಡಿ, ಮಾಲ್ಟ್ ಏಲ್‌ನ ಏಳುಬೀಳಿನ ಕಥೆಯಲ್ಲಿ ಅದು ಮತ್ತೆ ಬರಲಿದೆ.

ಈ ನಾಲ್ಕು ಬಟ್ಟಲುಗಳನ್ನು ಸಾಲಾಗಿ ಇಟ್ಟಿದ್ದಾಗ ನಮ್ಮ ಕಾಕಾ ಬಂದು ಎರಡನೆಯದನ್ನು ಮೂಸಿ, "ಇದು ಸೀದ ರೊಟ್ಟಿ ಅದ್ದಿದ ನೀರ ಇದ್ದಂಗ ಅದ ನೋಡಪಾ" ಎಂದರು. ತಮಾಷೆಗೆ ಹೇಳಿದ್ದಾದರೂ ಬ್ರೌನ್ ಏಲ್‌ಗೆ ಇದಕ್ಕಿಂತ ಒಳ್ಳೆಯ ವರ್ಣನೆಯನ್ನು ನಾನು ಇನ್ನೂ ಕೇಳಿಲ್ಲ. ಇಲ್ಲಿಗೆ ನಿಲ್ಲಿಸಿ, ಬಟ್ಟಲಿನ ನೀರಿಗೆ ಯೀಸ್ಟ್ ಹಾಕಿ ಮುಂದುವರಿಯುವ ಆಸೆ ಬೇಡ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ.

ಹಲಗೆಯ ಮೇಲೆ ಇಲ್ಲದ್ದು ಏಕೆ ಇಲ್ಲ

ಮಾಲ್ಟ್ ಏಲ್‌ನ ಜನಪ್ರಿಯತೆ ಹಿಂದೆಯೂ ಏರಿ ಇಳಿದಿದೆ, ಮತ್ತು ಪ್ರತಿ ಸಲವೂ ನಾಲಿಗೆಯ ಆಚೆಗಿನ ಕಾರಣವೊಂದು ಸೇರಿಕೊಂಡಿದೆ. 18ನೇ ಶತಮಾನದ ಲಂಡನ್ ಕುಡಿಯುತ್ತಿದ್ದ ಪೋರ್ಟರ್ ಎಂಬ ಕಂದು ಬಿಯರು ಕಟ್ಟಿಗೆಯ ಬೆಂಕಿಯಲ್ಲಿ ಒಣಗಿಸಿದ ಕಂದು ಮಾಲ್ಟಿನದಾಗಿತ್ತು. ಆ ಶತಮಾನದ ಕೊನೆಯಲ್ಲಿ ದ್ರವದ ಸಾಂದ್ರತೆಯನ್ನು ಅಳೆಯುವ ಹೈಡ್ರೋಮೀಟರ್ ತಯಾರಕರ ಕೈಗೆ ಬಂದಾಗ, ಕಂದು ಮಾಲ್ಟಿಗಿಂತ ತೆಳುಬಣ್ಣದ ಮಾಲ್ಟಿನಿಂದ ಹೆಚ್ಚು ಸಕ್ಕರೆ ಸಿಗುತ್ತದೆಂಬ ಲೆಕ್ಕ ಸ್ಪಷ್ಟವಾಯಿತು. ಲಾಭ ಕಂಡವರು ತೆಳು ಮಾಲ್ಟಿಗೆ ತಿರುಗಿದರು. ಆದರೆ ಗಿರಾಕಿಗಳಿಗೆ ಬೇಕಾದ ಕಪ್ಪು ಬಣ್ಣ ಹೋಯಿತು. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಮಾಲ್ಟನ್ನು ಸುಟ್ಟುಹೋಗದಂತೆ ತಿರುಗುವ ಡ್ರಮ್ಮಿನಲ್ಲಿ ಕಪ್ಪಾಗಿ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ, ಒಂದು ಹಿಡಿ ಕಪ್ಪು ಮಾಲ್ಟಿನಿಂದ ಇಡೀ ಕಡಾಯಿಯ ಬಿಯರಿಗೆ ಬಣ್ಣ ಕೊಡುವುದು ಸಾಧ್ಯವಾಯಿತು. ಅಂದಿನಿಂದ ಬಣ್ಣ ಮತ್ತು ಮಾಲ್ಟಿನ ರುಚಿ ಬೇರೆ ಬೇರೆ ದಾರಿ ಹಿಡಿದಿವೆ. ಕಪ್ಪಾದದ್ದೆಲ್ಲ ಮಾಲ್ಟಿನ ರುಚಿಯದು ಎಂದು ಇಂದಿಗೂ ಮೋಸ ಹೋಗುವವರು ಇದನ್ನು ಗಮನಿಸಬೇಕು.

ಇಂಗ್ಲೆಂಡಿನ ಕಾರ್ಖಾನೆ ಮತ್ತು ಗಣಿಗಳ ಕೆಲಸಗಾರರು 20ನೇ ಶತಮಾನದ ಮಧ್ಯದವರೆಗೂ ಹೆಚ್ಚಾಗಿ ಕುಡಿಯುತ್ತಿದ್ದದ್ದು ಮೈಲ್ಡ್ ಎಂಬ, ಹಾಪ್ಸ್ ಕಡಿಮೆಯಿರುವ, ಇತ್ತೀಚಿನ ರೂಪದಲ್ಲಿ ಶೇ. 3ರಿಂದ 3.5ರಷ್ಟು ಮಾತ್ರ ಮದ್ಯಸಾರವಿರುವ ಏಲ್. ಅದು ಮೊದಲು ಬಿಟರ್‌ಗೆ, ಆಮೇಲೆ ಲಾಗರ್‌ಗೆ ಜಾಗ ಬಿಟ್ಟಿತು. ಬಡವರ, ಮುದುಕರ ಪಾನೀಯವೆಂಬ ಹೆಸರು ಅಂಟಿಕೊಂಡದ್ದೂ ಅದಕ್ಕೊಂದು ಕಾರಣ. 1971ರಲ್ಲಿ ಹುಟ್ಟಿದ ಅಲ್ಲಿನ ಬಿಯರ್ ಪ್ರಿಯರ ಸಂಘಟನೆಯಾದ ಕ್ಯಾಮ್ರಾ, ಪ್ರತಿವರ್ಷ ಮೇ ತಿಂಗಳನ್ನು ಮೈಲ್ಡ್‌ಗಾಗಿ ಮೀಸಲಿಟ್ಟು ಪ್ರಚಾರ ಮಾಡುತ್ತ ಬಂದಿದೆ. ಪ್ರಚಾರದಿಂದ ಬದುಕಿಸಬೇಕಾದ ಸ್ಥಿತಿ ಬಂತು ಎಂಬುದೇ ಬಹಳಷ್ಟನ್ನು ಹೇಳುತ್ತದೆ.

ಅಮೆರಿಕದ ಕಥೆ ಇನ್ನೂ ಹತ್ತಿರದ್ದು, ನಮ್ಮ ಹೈದರಾಬಾದ್ ಬೆಂಗಳೂರುಗಳ ಹಲಗೆಗಳ ಮೇಲೆ ನೆರಳು ಚೆಲ್ಲಿರುವುದೂ ಅದೇ. ಅಲ್ಲಿ 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ಎಂಬ ಹಾಪ್ ತಳಿಯ ಕಿತ್ತಳೆ ಸಿಪ್ಪೆಯಂಥ ಪರಿಮಳವನ್ನು 1980ರಿಂದ ಸಿಯೆರಾ ನೆವಾಡಾ ಪೇಲ್ ಏಲ್ ಮನೆಮಾತಾಗಿಸಿತು. ಆದರೂ 1990ರ ದಶಕದಲ್ಲಿ ಕ್ರಾಫ್ಟ್ ಬಿಯರಿಗೆ ಹೊಸದಾಗಿ ಬರುವವರಿಗೆ ಬಾಗಿಲು ತೆರೆಯುತ್ತಿದ್ದದ್ದು ಆಂಬರ್ ಮತ್ತು ಬ್ರೌನ್ ಏಲ್‌ಗಳೇ. 1991ರಲ್ಲಿ ಕೊಲರಾಡೋದ ನ್ಯೂ ಬೆಲ್ಜಿಯಂ ಸಂಸ್ಥೆ ತಂದ ಫ್ಯಾಟ್ ಟೈರ್ ಎಂಬ ಆಂಬರ್ ಏಲ್ ಅದಕ್ಕೆ ಸಾಕ್ಷಿ. ನಂತರ ಐಪಿಎ ಏರಿತು. ಮೊದಮೊದಲು ಐಪಿಎಯಲ್ಲಿಯೂ ಕ್ರಿಸ್ಟಲ್ ಮಾಲ್ಟಿನ ಸಿಹಿ ಇರುತ್ತಿತ್ತು; ಹಾಪ್ಸಿನ ಪರಿಮಳಕ್ಕೆ ಅದು ಅಡ್ಡಬರುತ್ತದೆಂದು ತಯಾರಕರು ಅದನ್ನು ಕಡಿಮೆ ಮಾಡುತ್ತ ಹೋಗಿ, ಹಲವರು ಪೂರ್ತಿ ಬಿಟ್ಟರು. ಅಮೆರಿಕದ ತಯಾರಕರ ಒಕ್ಕೂಟ 2018ರಲ್ಲಿ ಹೇಜಿ, ಅಂದರೆ ಮಬ್ಬು ಮಬ್ಬಾದ, ಐಪಿಎಯನ್ನು ಪ್ರತ್ಯೇಕ ಬಗೆಯೆಂದು ತನ್ನ ಪಟ್ಟಿಗೆ ಸೇರಿಸಿತು. 2023ರಲ್ಲಿ ಫ್ಯಾಟ್ ಟೈರ್ ತನ್ನ ಆಂಬರ್ ರೂಪವನ್ನೇ ಬಿಟ್ಟು ಹೊಂಬಣ್ಣದ, ಹಗುರವಾದ ಏಲ್ ಆಗಿ ಬದಲಾಯಿತು. ಬಾಗಿಲು ತೆರೆದವನೇ ಮನೆಯಿಂದ ಹೊರಗೆ ನಿಂತ ಹಾಗಾಯಿತು.

ಜನರಿಗೆ ಸಿಹಿ ಬೇಡವಾಯಿತು ಎಂದು ಇದಕ್ಕೆ ಕಾರಣ ಕೊಡುವವರಿದ್ದಾರೆ, ನಾನು ಒಪ್ಪುವುದಿಲ್ಲ. ಓಟ್ಸ್ ಹಾಕಿ ಮೈ ದಪ್ಪಮಾಡಿದ ಹೇಜಿ ಐಪಿಎ ಕಹಿಯಲ್ಲಿ ಕಡಿಮೆ, ಕುಡಿದರೆ ಮಾವಿನ ರಸದ ಭಾಸ. ಸಿಹಿಯ ಆಸೆ ಹಾಗೆಯೇ ಇದೆ, ಹುರಿದ ಧಾನ್ಯದಿಂದ ಹಣ್ಣಿನ ಕಡೆಗೆ ಹೊರಳಿದೆ ಅಷ್ಟೆ. ಹಾಪ್ಸಿನ ಪರಿಮಳ ಲೋಟ ಮೂಗಿನ ಹತ್ತಿರ ಬರುವ ಮೊದಲೇ ತನ್ನ ಹೆಸರು ಹೇಳುತ್ತದೆ. ಮಾಲ್ಟ್ ಅರ್ಧ ಲೋಟ ಇಳಿದ ಮೇಲೆ ಮಾತಾಡುತ್ತದೆ. ನಾಲ್ಕು ಸಣ್ಣ ಲೋಟಗಳ ಸ್ಯಾಂಪ್ಲರ್ ತರಿಸಿ, ಒಂದೊಂದು ಗುಟುಕಿಗೆ ತೀರ್ಪು ಕೊಡುವ ಪದ್ಧತಿಯಲ್ಲಿ ಗೆಲ್ಲುವುದು ಯಾರೆಂದು ಹೇಳಬೇಕಾಗಿಲ್ಲ.

ಮೈಕ್ರೋಬ್ರುವರಿಯಲ್ಲಿ ಕೇಳುವ ಬಗೆ

ನಮ್ಮ ದೇಶದಲ್ಲಿ ಹೆಚ್ಚು ಮಾರಾಟವಾಗುವುದು ಸ್ಟ್ರಾಂಗ್ ಬಿಯರ್. ಅದಕ್ಕೆ ಒಗ್ಗಿದವರು ಮಾಲ್ಟ್ ಏಲ್ ಎಂದರೆ ಅದರ ಅಣ್ಣ ಎಂದುಕೊಳ್ಳುತ್ತಾರೆ. ಎರಡಕ್ಕೂ ಸಂಬಂಧವಿಲ್ಲ, ಸ್ಟ್ರಾಂಗ್ ಎಂಬುದು ಮದ್ಯಸಾರದ ಪ್ರಮಾಣ, ಅದರ ಬಲ ಅನೇಕ ಸಲ ಅಕ್ಕಿ, ಮೆಕ್ಕೆಜೋಳ, ಸಕ್ಕರೆಯಿಂದಲೇ ಬಂದಿರುತ್ತದೆ. ಆದ್ದರಿಂದ "ಹಾರ್ಡ್ ಇರೋದು ಕೊಡ್ರಿ" ಎಂದು ಕೇಳಬೇಡಿ, "ಡಾರ್ಕ್ ಇದೆಯಾ" ಎಂದೂ ಕೇಳಬೇಡಿ. ಡಾರ್ಕ್ ಎಂದರೆ ಸ್ಟೌಟ್ ತಂದಿಟ್ಟು ಹೋಗುತ್ತಾರೆ, ನಿಮ್ಮ ಮೂರನೆಯ ಬಟ್ಟಲು ಅದು. ಹಾಪ್ಸಿಗಿಂತ ಮಾಲ್ಟ್ ಮುಂದಿರುವ ಏಲ್ ಯಾವುದು, ಬಿಸ್ಕತ್ತು ಅಥವಾ ಕ್ಯಾರಮೆಲ್ ರುಚಿಯದು ಇದೆಯೇ ಎಂದು ಕೇಳಿ. ಬಡಿಸುವವರಿಗೆ ಗೊತ್ತಿರದಿದ್ದರೆ ಬ್ರೂವರ್ ಒಳಗಿದ್ದಾರೆಯೇ ಎಂದು ವಿಚಾರಿಸುವುದರಲ್ಲಿ ತಪ್ಪಿಲ್ಲ. ತನ್ನ ಮಾಲ್ಟಿನ ಬಗ್ಗೆ ಯಾರಾದರೂ ಕೇಳಲಿ ಎಂದು ಕಾಯುತ್ತಿರುವವರು ಅವರು.

ಬ್ರೌನ್, ಆಂಬರ್, ಐರಿಷ್ ರೆಡ್, ಸ್ಕಾಚ್ ಏಲ್, ಪೋರ್ಟರ್, ಇಂಗ್ಲಿಷ್ ಬಿಟರ್ ಎಂಬ ಹೆಸರುಗಳಲ್ಲಿ ಯಾವುದಿದ್ದರೂ ಅಲ್ಲಿಂದ ಶುರುಮಾಡಬಹುದು. ಬೆಲ್ಜಿಯಂನ ಡುಬ್ಬೆಲ್ ಕೂಡ ಸಿಹಿಕಂದು ಬಣ್ಣದ್ದೇ, ಆದರೆ ಅದರ ಬಣ್ಣ ಮತ್ತು ಒಣದ್ರಾಕ್ಷಿಯ ರುಚಿಯಲ್ಲಿ ಕಂದಾಗಿಸಿದ ಸಕ್ಕರೆ ಪಾಕದ ಪಾಲು ದೊಡ್ಡದು. ಅದನ್ನು ಇಷ್ಟಪಟ್ಟವರೆಲ್ಲ ಮಾಲ್ಟನ್ನೇ ಇಷ್ಟಪಟ್ಟರು ಎನ್ನಲಾಗದು. ಐಪಿಎಯನ್ನು ಯಾವತ್ತೂ ಮೊದಲು ಕುಡಿಯಬೇಡಿ. ಹಾಪ್ಸಿನ ಕಹಿ ನಾಲಿಗೆಯ ಮೇಲೆ ಕುಳಿತರೆ ಮುಂದಿನ ಅರ್ಧ ಗಂಟೆ ಬ್ರೌನ್ ಏಲ್ ನೀರಿನಂತೆ ಕಾಣುತ್ತದೆ. ಸ್ಯಾಂಪ್ಲರ್‌ನಲ್ಲಿ ಇಷ್ಟವಾದದ್ದನ್ನು ಪೂರ್ತಿ ಲೋಟ ತರಿಸಿ, ಮುಕ್ಕಾಲು ಗಂಟೆ ಅದರೊಂದಿಗೇ ಕುಳಿತುಕೊಳ್ಳಿ. ಮರಳುವ ದಾರಿ ಉದ್ದವಿದೆ, ಕಾರು ಹೊಡೆಯುವವರು ಕುಡಿಯದಿರಲಿ. ನಾನಂತೂ ರಾತ್ರಿ ಅಲ್ಲಿಯೇ ಉಳಿದು ಬೆಳಗಿನ ಬಸ್ಸು ಹಿಡಿಯುತ್ತೇನೆ.

ನಮ್ಮ ಬಿಸಿಲು ಮತ್ತು ಅವರ ಕೋಣೆಯ ಉಷ್ಣಾಂಶ

ಇಂಗ್ಲಿಷ್ ಏಲನ್ನು ತಣ್ಣಗೆ ಮಾಡದೆ ಕುಡಿಯಬೇಕು ಎಂಬ ಮಾತನ್ನು ಎಲ್ಲೋ ಓದಿದ ಉತ್ಸಾಹಿಗಳು ನಮ್ಮಲ್ಲಿ ಸಿಗುತ್ತಾರೆ. ಆ ಮಾತಿನ ಹಿಂದಿರುವುದು ಅಲ್ಲಿನ ನೆಲಮಾಳಿಗೆಯ 11ರಿಂದ 13 ಡಿಗ್ರಿ ಸೆಲ್ಸಿಯಸ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಕಲಬುರಗಿಯ ಕೋಣೆಯಲ್ಲ. ಹಾಗೆಂದು ಫ್ರಿಜ್ಜಿನ 4 ಡಿಗ್ರಿಯಲ್ಲಿ ಕುಡಿದರೂ ಮಾಲ್ಟಿನ ಪರಿಮಳ ಹೊರಡುವುದಿಲ್ಲ, ತಣ್ಣನೆಯ ಸಿಹಿನೀರು ಕುಡಿದಂತಾಗುತ್ತದೆ. ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು ಚಳಿಗಾಲದಲ್ಲಿ ಇಪ್ಪತ್ತು ನಿಮಿಷ, ಬೇಸಿಗೆಯಲ್ಲಿ ಹತ್ತೇ ನಿಮಿಷ ಹೊರಗಿಟ್ಟು, ಬಾಯಿ ತುಸು ಒಳಕ್ಕೆ ಬಾಗಿದ ಗಾಜಿನ ಲೋಟಕ್ಕೆ ಹೊಯ್ಯಿರಿ. ಸ್ಟೀಲಿನ ಲೋಟ ಬೇಡ, ಬಣ್ಣವೂ ಕಾಣದು. ಮೈಕ್ರೋಬ್ರುವರಿಯಲ್ಲಿ ಲೋಟವನ್ನು ಫ್ರೀಜರಿನಿಂದ ತೆಗೆದು ಕೊಟ್ಟರೆ ಸಾದಾ ಲೋಟ ಕೇಳಿ ಪಡೆಯಿರಿ.

ಸಂಗ್ರಹದ ವಿಷಯದಲ್ಲಿ ನಾನು ಪಟ್ಟ ಪಾಡು ನಿಮಗೆ ಬೇಡ. ಬೆಂಗಳೂರಿನ ಅಂಗಡಿಯೊಂದರಿಂದ ಆಮದಾದ ಬ್ರೌನ್ ಏಲ್‌ನ ಎರಡು ಬಾಟಲಿ ತಂದು, ಏಪ್ರಿಲಿನಲ್ಲಿ ಅಲಮಾರಿನಲ್ಲಿಟ್ಟು, ತಮ್ಮ ರಜೆಗೆ ಬರಲೆಂದು ಆರು ವಾರ ಕಾದೆ. ತೆರೆದಾಗ ಒದ್ದೆ ರಟ್ಟಿನ ವಾಸನೆ. ತಂದದ್ದೇ ಹಳೆಯ ಸರಕಾಗಿತ್ತೋ ಏನೋ, ಬಾಟಲಿಯ ಮೇಲಿನ ತಾರೀಖನ್ನು ನಾನು ನೋಡಿರಲಿಲ್ಲ. ಬಾಕಿ ಕೆಲಸವನ್ನು ನಮ್ಮ ಬಿಸಿಲು ಮುಗಿಸಿತ್ತು. ಆಮ್ಲಜನಕ ಬಿಯರನ್ನು ಕೆಡಿಸುವ ವೇಗ ಬಿಸಿಯೊಂದಿಗೆ ಏರುತ್ತದೆ. ಹಾಪ್ಸಿನ ಪರಿಮಳ ಕೆಲವೇ ವಾರಗಳಲ್ಲಿ ಮಾಸುವುದರಿಂದ ಐಪಿಎಯನ್ನು ತಾಜಾ ಕುಡಿಯಬೇಕೆಂಬುದು ಎಲ್ಲರಿಗೂ ಗೊತ್ತು, ಮಾಲ್ಟ್ ಏಲ್ ತಡೆದುಕೊಳ್ಳುತ್ತದೆಂಬ ಭ್ರಮೆಯೂ ಅದರಿಂದಲೇ ಹುಟ್ಟಿದೆ. ತಡೆದುಕೊಳ್ಳುವುದು ಶೇ. 8ಕ್ಕಿಂತ ಹೆಚ್ಚು ಮದ್ಯಸಾರವಿರುವ ಬಾರ್ಲಿವೈನ್‌ನಂಥ ಗಟ್ಟಿ ಏಲ್‌ಗಳು. ಅವನ್ನೂ ಕತ್ತಲಲ್ಲಿ, ತಣ್ಣಗೆ ಇಟ್ಟರೆ ಮಾತ್ರ ವರ್ಷಗಳ ಕಾಲ ಒಣಹಣ್ಣಿನ ಕಡೆಗೆ ಮಾಗುತ್ತವೆ. ಶೇ. 4 ಅಥವಾ 5ರ ಬ್ರೌನ್ ಏಲನ್ನು ತಂದ ವಾರದಲ್ಲಿಯೇ ಮುಗಿಸಿ, ಅಲ್ಲಿಯವರೆಗೂ ಫ್ರಿಜ್ಜಿನಲ್ಲಿಡಿ.

ಊಟದೊಂದಿಗೆ

ಮಾಲ್ಟ್ ಏಲ್ ತನ್ನ ಅಸಲು ಗುಣ ತೋರಿಸುವುದು ತಟ್ಟೆಯ ಪಕ್ಕದಲ್ಲಿ, ಅದರಲ್ಲಿಯೂ ನಮ್ಮ ಖಾರದ ತಟ್ಟೆಯ ಪಕ್ಕದಲ್ಲಿ. ಹಾಪ್ಸಿನ ಕಹಿ ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತದೆ; ಮಿರ್ಚಿ ಭಜಿಯ ಜೊತೆಗೆ ಐಪಿಎ ಕುಡಿದವರು ಕಣ್ಣೊರೆಸಿಕೊಳ್ಳುವುದನ್ನು ನೋಡಿದ್ದೇನೆ. ಮಾಲ್ಟಿನ ಸಿಹಿ ಅದೇ ಉರಿಗೆ ಮೆತ್ತನೆಯ ಹಾಸಿಗೆಯಾಗುತ್ತದೆ. ಬದನೆಕಾಯಿ ಎಣ್ಣೆಗಾಯಿಯಲ್ಲಿ ಶೇಂಗಾ, ಎಳ್ಳು, ಗುರೆಳ್ಳು ಎಲ್ಲವೂ ಹುರಿದೇ ಬೀಳುವುದರಿಂದ ಬ್ರೌನ್ ಏಲ್ ಅದಕ್ಕೆ ಒಡಹುಟ್ಟಿದಂತೆ ಹೊಂದುತ್ತದೆ. ಖಡಕ್ ರೊಟ್ಟಿಗೆ ಶೇಂಗಾ ಹಿಂಡಿಯನ್ನೂ ಒಂದಿಷ್ಟು ಎಣ್ಣೆಯನ್ನೂ ಹಚ್ಚಿ ಆಂಬರ್ ಏಲ್‌ನೊಂದಿಗೆ ತಿನ್ನುವುದಕ್ಕೆ ಯಾವ ಸಿದ್ಧತೆಯೂ ಬೇಡ. ಕಲಬುರಗಿಯ ತಹರಿಗೆ, ಅದರಲ್ಲಿ ಮಾಂಸದ ಕೊಬ್ಬು ಚೆನ್ನಾಗಿದ್ದರೆ, ಪೋರ್ಟರ್‌ನ ಹುರಿದ ಕಹಿ ಬೇಕಾಗುತ್ತದೆ. ಪುಂಡಿ ಪಲ್ಯದ ಹುಳಿಯ ಮುಂದೆ ಮಾತ್ರ ಇವುಗಳಲ್ಲಿ ಯಾವುದೂ ನಿಲ್ಲಲಿಲ್ಲ, ಎರಡು ಸಲ ಪ್ರಯತ್ನಿಸಿ ಬಿಟ್ಟಿದ್ದೇನೆ.

ಸಿಹಿಯ ವಿಷಯದಲ್ಲಿ ಒಂದು ಎಚ್ಚರಿಕೆ: ತಿನಿಸು ಏಲ್‌ಗಿಂತ ಹೆಚ್ಚು ಸಿಹಿಯಾಗಿದ್ದರೆ ಏಲ್ ಒಗರಾಗಿ, ತೆಳ್ಳಗೆ ಕಾಣುತ್ತದೆ. ಸಕ್ಕರೆ ಪಾಕದಲ್ಲಿ ಅದ್ದಿದ ಕಲಬುರಗಿಯ ಮಾಲ್ಪುರಿಯ ಮುಂದೆ ಬ್ರೌನ್ ಏಲ್ ಸೋತುಹೋಗುತ್ತದೆ. ಬಾರ್ಲಿವೈನ್ ಅಥವಾ ಗಟ್ಟಿ ಸ್ಕಾಚ್ ಏಲ್ ಸಿಕ್ಕರೆ ಮಾತ್ರ, ಅರ್ಧ ಮಾಲ್ಪುರಿಗೆ ನೂರು ಮಿಲಿಲೀಟರ್ ಎಂಬ ಅಳತೆಯಲ್ಲಿ, ಊಟವಾಗಿ ಒಂದು ಗಂಟೆಯ ನಂತರ ಪ್ರಯತ್ನಿಸಿ. ನಮ್ಮ ಕಾಕಾ ಕಳೆದ ಡಿಸೆಂಬರಿನಲ್ಲಿ ಹಾಗೆ ಕುಡಿದು, ಲೋಟದ ತಳವನ್ನು ದೀಪಕ್ಕೆ ಹಿಡಿದು ನೋಡಿ, ಈ ಸಲ ರೊಟ್ಟಿ ಸೀದಿಲ್ಲ ಎಂದರು.